ಲ್ಯಾಬ್ರಡಾರ್ ಹೊಳೆಯಲ್ಲಿ ನನ್ನದೇ ಒಂದು ಮೀನು

ಒಡೀಲಕ್ಕಾ, ಕೂತುಕೊಂಡು ಓದು, ನಿಂತು ಓದಿದರೆ ಬಿದ್ದೀಯೆ. ನಾನೇ ಒಂದು ಸಾಲ್ಮನ್ ಹಿಡಿದೆ!

ಜೀವಮಾನವಿಡೀ ಬೇರೆಯವರಿಗೆ ಮೀನು ಹಿಡಿಸುತ್ತ, ಬೇಟೆಗೆ ದಾರಿ ತೋರಿಸುತ್ತ ಬಂದೆ. ಕೆಲಸ ಬಿಟ್ಟೆನೆಂದು ಹಳೆಯ ಅತಿಥಿಗಳೆಲ್ಲ ಸೇರಿ ಉಡುಗೊರೆಯಾಗಿ ಇಲ್ಲಿಗೆ ಕಳಿಸಿದರಲ್ಲ, ಇಲ್ಲಿ ನನಗೇ ಒಬ್ಬಳು ಗೈಡ್! ಹೆಸರು ಶಾನುತ್, ನಿನ್ನಷ್ಟೇ ಗಟ್ಟಿ ಬಾಯಿ. ದೋಣಿಯ ಹುಟ್ಟು ಮುಟ್ಟಲು ಹೋದರೆ, “ಕೈ ತೆಗೀರಿ ಅಜ್ಜ! ಇವತ್ತು ನೀವು ಅತಿಥಿ, ಸುಮ್ನೆ ಕೂತ್ಕೊಳ್ಳಿ” ಎಂದು ಗದರಿದಳು.

ಬಂಡೆಯ ಕೆಳಗಿನ ಮಡುವಿನಲ್ಲಿ ಗಾಳ ಕಚ್ಚಿದ ಮೀನು ದೋಣಿಯನ್ನೇ ಎಳೆಯಿತು! ಒಮ್ಮೆ ದಾರ ಸಡಿಲವಾದಾಗ ಹೋಯಿತೆಂದೇ ತಿಳಿದೆ. ಅಷ್ಟರಲ್ಲಿ ಫಳಾರನೆ ಮೇಲಕ್ಕೆ ನೆಗೆಯಿತು. ಕೊನೆಗೆ ಶಾನುತ್ ಅದನ್ನು ಬಲೆಗೆ ತುಂಬಿಕೊಂಡದ್ದೇ ತಡ, ಹಳೆಯ ಅಭ್ಯಾಸ ನೋಡು, “ಭಲೇ ಸಾಹೇಬ್ರೇ! ಎಂಥಾ ಮೀನು ಹಿಡಿದ್ರಿ!” ಎಂದು ಕೂಗಿಬಿಟ್ಟೆ.

ಅವಳು ಸುತ್ತ ನೋಡಿ, “ಯಾವ ಸಾಹೇಬ್ರು ಅಜ್ಜ? ದೋಣೀಲಿರೋದು ನಾವಿಬ್ರೇ!” ಎಂದಳು. ನಕ್ಕೂ ನಕ್ಕೂ ದೋಣಿ ಮಗುಚುವುದೊಂದು ಬಾಕಿ.

ಮಂಡಿನೋವು ಮರೆತೇಹೋಗಿದೆ. ಅಂಚೆಯ ವಿಮಾನ ಹೊರಡುತ್ತಿದೆ. ಮೀನನ್ನು ಹೊಗೆಯಲ್ಲಿ ಹದಮಾಡಿ ತರುತ್ತೇನೆ. ಯಾರು ಹಿಡಿದದ್ದೆಂದು ನೆಂಟರು ಕೇಳಿದರೆ ನಾನೇ ಹೇಳುತ್ತೇನೆ, ನೀನು ಬಾಯಿ ಹಾಕಬೇಡ!

ನಿನ್ನ ತಮ್ಮ,
ಆಲ್ಫೆ