ಕರಿಗುಡ್ಡದ ಕಣಿವೆಗೆ ಇಳಿಯಬೇಡ

ಕರಿಗುಡ್ಡದ ಬುಡ, ಅಫಾರ್ ಸೀಮೆ
ಭಾನುವಾರ, ಸೆಪ್ಟೆಂಬರ್ 18

ಮಗಳೆ ಮೊಮಿನಾ,

ಕ್ಷೇಮದ ಮಾತು ಆಮೇಲೆ. ಮೊದಲು ಗಂಡನಿಗೆ ಹೇಳಿ ಒಂಟೆಗಳನ್ನು ನಿಲ್ಲಿಸು. ಕರಿಗುಡ್ಡದ ಕಣಿವೆಗೆ ಇಳಿಯಬೇಡಿ. ಎರಡು ದಿನ ಹೆಚ್ಚಾದರೂ ಪಶ್ಚಿಮದ ದಾರಿ ಹಿಡಿಯಿರಿ. ಉಪ್ಪಿನ ಲಾರಿಯವನು ಈ ಕಾಗದವನ್ನು ನೀವು ತಂಗುವ ಚಹಾದಂಗಡಿಯಲ್ಲಿ ಕೊಡುತ್ತಾನೆ.

ಆರು ವರ್ಷ ಒಂದು ಸಾಲೂ ಬರೆಯದ ಅಪ್ಪ ಎಂದು ಕಾಗದ ಹರಿಯಬೇಡ. ಸೋದರಮಾವನ ಮಗನಿಗೆ ಸಲ್ಲಬೇಕಾದವಳು ನೀನು ವಾಗ್ರಿಸನ ಹಿಂದೆ ಹೋದೆ. ಆ ಸಿಟ್ಟು ನನಗೆ ಇನ್ನೂ ಇದೆ. ಅದು ಬೇರೆ, ಇದು ಬೇರೆ.

ಹತ್ತು ದಿನದ ಹಿಂದೆ ನಿನ್ನ ಮೈದುನ ಹಾಮದು ಬಾವಿಯ ಹತ್ತಿರ ಸಿಕ್ಕಿದ. ಎದುರು ಕೂತು ದಾಗು ಕೇಳಿದ, ದಾರಿಯ ಸುದ್ದಿಯನ್ನೆಲ್ಲ. “ಮಾವಾ, ಮಳೆ ಆಯ್ತಾ? ಹುಲ್ಲೈತಾ? ನೆಲ ಹೆಂಗೈತೆ?” ನಾನು, “ಹುಲ್ಲೈತೆ, ನೀರೈತೆ. ನೆಲಕ್ಕೇನಾಗ್ತದೆ, ಹಾಸ್ಕೊಂಡು ಬಿದ್ದೈತೆ” ಎಂದೆ. ಅವನು ನಕ್ಕ. “ಹಂಗಾರೆ ಅತ್ತಿಗೇನೂ ಮಗೂನೂ ಕರ್ಕೊಂಡೇ ಬತ್ತೀವಿ. ನಿನ್ನ ಮೂತಿ ಈಗಲಾದ್ರೂ ನೆಟ್ಟಗಾತೈತೇನೋ ನೋಡಾಣ!”

ಅಂದೇ ಕಣಿವೆಯ ದಾರಿಯಲ್ಲಿ ನೆಲ ಬಿರಿದಿತ್ತು. ಎರಡು ಬೆರಳಿನಷ್ಟು ಆಳ. ನಾನು ಹೇಳಲಿಲ್ಲ. ಹೇಳಿದ್ದರೆ ನೀವು ಬೇರೆ ಕಡೆ ತಿರುಗುತ್ತಿದ್ದಿರಿ. ನಿನ್ನ ಮಗಳಿಗೆ ನಾಲ್ಕು ವರ್ಷವಂತೆ. ಅವಳ ಮುಖ ನಾನು ನೋಡಿಲ್ಲ. ದಾರಿಯಲ್ಲಿ ಸಿಕ್ಕವನಿಗೆ ಕಂಡದ್ದನ್ನೆಲ್ಲ ಹೇಳದವನು ಅಫಾರನೇ ಅಲ್ಲ ಎಂದು ನಿನಗೆ ಕಲಿಸಿದವನೂ ನಾನೇ.

ನೆಲ ನಡುಗಲು ಶುರುವಾದ ಮೇಲೆ ರಾಜಧಾನಿ ಅಡಿಸ್‌ನಿಂದ ಸೆನಾಯಿತ್ ಎಂಬ ಕಲ್ಲು ಓದುವ ಹುಡುಗಿ ಬಂದಿದ್ದಾಳೆ. ತೊಗಲಿಗೆ ಜೇಡಿ ಬಳಿದು, ತುಸು ಆರಿದ ಮೇಲೆ ಒಂದು ಕಡೆ ನನ್ನ ಕೈಲೂ ಇನ್ನೊಂದು ಕಡೆ ನಿನ್ನ ಅವ್ವನ ಕೈಲೂ ಹಿಡಿಸಿದಳು. ಒಳಕ್ಕೆ ಒತ್ತಿದಾಗ ಜೇಡಿ ಮಡಿಕೆ ಬಿದ್ದು ಮೇಲೆದ್ದಿತು. ಜಗ್ಗಿದಾಗ ನಡುವೆ ಸೀಳಿತು. “ಒತ್ತಿದ ಕಡೆ ಹಿಂಗೇ ಬೆಟ್ಟ ಏಳುತ್ತೆ ಅಜ್ಜಾ. ನಿಮ್ಮಲ್ಲಿ ನೆಲ ಎರಡು ಕಡೆಗೂ ಎಳೀತಾ ಇದೆ. ಹರಿದ ಕಡೆ ಕೆಳಗಿನ ಕಾದ ಕಲ್ಲುರಸ ನುಗ್ಗುತ್ತೆ. ಅದಕ್ಕೇ ಈ ನಡುಕ” ಎಂದಳು. “ನೆಲಕ್ಕೆ ಬೇರೆ ಕೆಲಸ ಇಲ್ವೇನವ್ವಾ?” ಎಂದು ನಾನು ರೇಗಿದೆ.

ಆಮೇಲೆ ಬಂತು ಶುಕ್ರವಾರ. ಕಣಿವೆಯ ನಡುನೆಲ ಆಳುದ್ದ ಕುಸಿಯಿತು, ಎರಡೂ ಅಂಚು ಮೇಲೆದ್ದವು. ಗುಡ್ಡ ಮೂರು ದಿನದಿಂದ ಬೂದಿ ಉಗುಳುತ್ತಿದೆ. ಆ ಬೂದಿ ಬಿರುಕಿನ ಬಾಯಿಗೆ ಕವಿದು, ದಾರಿ ಮೊದಲಿನ ಹಾಗೆಯೇ ಕಾಣುತ್ತದೆ. ನಮ್ಮ ಗಬ್ಬದ ಒಂಟೆ ಅದರ ಮೇಲೆ ಕಾಲಿಟ್ಟಿತು. ಅದರ ಕೂಗು ಕೇಳಿಸಿತು. ಬಿದ್ದ ಸದ್ದು ಕೇಳಿಸಲೇ ಇಲ್ಲ.

ನಿನ್ನ ಮಗಳು ಮುಂದಿನ ಒಂಟೆಯ ಮೇಲೆ ಕೂತಿರುತ್ತಾಳೆ ಎಂದು ನೆನೆದರೆ ನನಗೆ ಕೂಳು ಇಳಿಯುವುದಿಲ್ಲ. ಇಳಿಸುವವರೂ ಇಲ್ಲ ಬಿಡು. ನಿನ್ನ ಅವ್ವ ಹಾಲಿನ ಬಟ್ಟಲು ಕಿತ್ತುಕೊಂಡು, “ಸುದ್ದಿ ನುಂಗಿದ ಬಾಯಿಗೆ ಹಾಲ್ಯಾಕೆ?” ಎಂದಳು. ಎರಡು ದಿನದಿಂದ ಮಾತಿಲ್ಲ. ಈ ಕಾಗದವನ್ನೂ ಅವಳೇ ಎದುರು ಕೂತು ಬರೆಸುತ್ತಿದ್ದಾಳೆ, ಕಣ್ಣಲ್ಲೇ.

ಎರಡನೇ ಕ್ಲಾಸಿಗೆ ಬಿಟ್ಟವನ ಅಕ್ಷರ, ಹೇಗೋ ಓದಿಕೊ. ನೀವು ತಿರುಗಿಕೊಂಡರೆ ಸಾಕು. ನನ್ನನ್ನು ನೋಡಲು ಬರಬೇಡ.

ನಿನ್ನ ಅಪ್ಪ,
ಕಡಾಫೊ

ಮತ್ತೆ: ಲಾರಿಯವನು ಇನ್ನೂ ಹೊರಟಿಲ್ಲ, ಟೈರು ಬಿಚ್ಚಿ ಕೂತಿದ್ದಾನೆ. ಅವನನ್ನು ನಂಬಿ ಕೂರಲಾರೆ, ಕಾಗದ ಅವನ ಕೈಗಿಟ್ಟು, ನಿಮ್ಮನ್ನು ತಡೆಯಲು ನಾನೇ ನಡೆದು ನೀವು ಇಳಿಯುವ ಕಡೆಯ ಕಣಿವೆಯ ಬಾಯಿಗೆ ಹೊರಟೆ. ಎರಡು ಬೆರಳು ಎಂದು ಮೇಲೆ ಬರೆದದ್ದು ಸುಳ್ಳು. ಬಾವಿಯ ಹತ್ತಿರ ಕೂತ ದಿನವೇ ಆ ಬಿರುಕಿನೊಳಗೆ ನನ್ನ ಕೋಲು ಪೂರ್ತಿ ಇಳಿದಿತ್ತು, ತಳ ಸಿಕ್ಕಿರಲಿಲ್ಲ. ಇದನ್ನು ವಾಗ್ರಿಸನಿಗೆ ಗಟ್ಟಿಯಾಗಿ ಓದಿ ಹೇಳು. ಸುದ್ದಿ ಮುಚ್ಚಿಟ್ಟದ್ದಕ್ಕೆ ಹಿರಿಯರ ಮುಂದೆ ನಿಲ್ಲಿಸಿದರೆ ನಿಲ್ಲುತ್ತೇನೆ.