ನಮ್ಮ ಮನೆಯ ಗೊಂಬೆ ಯಾರನ್ನೂ ಕೊಂದಿಲ್ಲ

ಮಾನ್ಯರೇ,

ನನಗೆ ಮದುವೆಯಾಯಿತು! ಈ ಸುದ್ದಿಯನ್ನು ಉರಿಗಾಂನಿಂದ ಬಂಗಾರಪೇಟೆಯವರೆಗೆ ಸಿಕ್ಕಸಿಕ್ಕವರಿಗೆಲ್ಲ ಹೇಳಿ ಮುಗಿಸಿದ್ದೇನೆ, ಉಳಿದವರು ನೀವೊಬ್ಬರೇ. ನಿಮಗೂ ಒಂದು ಮೈಸೂರು ಪಾಕು ಕೊಟ್ಟು, ನಮಸ್ಕಾರ ಹೇಳಿ ಹೋಗಿಬಿಡಬಹುದಿತ್ತು. ಆದರೆ ನನ್ನ ಮದುವೆಯ ಕೂಸು ಹನ್ನೆರಡು ದಿನಗಳಿಂದ ನಿಮ್ಮ ನಿಲ್ದಾಣದ ಕಬ್ಬಿಣದ ಅಲಮಾರಿಯಲ್ಲಿ, ಒಂದು ಟೊಮೇಟೊ ಕ್ರೇಟಿನೊಳಗೆ, ಮೇಲೊಂದು ಕ್ರೇಟನ್ನು ಕವುಚಿಹಾಕಿಸಿಕೊಂಡು ಬೀಗದ ಹಿಂದೆ ನಿಂತಿದೆ. ಬರುವ ಭಾನುವಾರ ನನ್ನ ಚಿಕ್ಕಪ್ಪನ ಮಗಳು ಸಹನಳ ಮದುವೆ. ಆ ಹೊತ್ತಿಗೆ ಕೂಸು ಚಪ್ಪರದಲ್ಲಿರಬೇಕು. ನೀವು ಕೊಡುತ್ತಿಲ್ಲ.

ಬಂಗಾರಪೇಟೆಗೂ ಮಾರಿಕುಪ್ಪಂಗೂ ನಡುವಿನ ನಿಲ್ದಾಣಗಳು ಬೆರಳೆಣಿಕೆಯಷ್ಟು. ಹೆಸರು ಹೇಳಿದರೆ ನೀವು ಯಾರೆಂದು ಎಲ್ಲರಿಗೂ ಗೊತ್ತಾಗುತ್ತದೆ, ಹಾಗಾಗಿ ನಿಮ್ಮ ನಿಲ್ದಾಣದ ಹೆಸರನ್ನಾಗಲಿ ನಿಮ್ಮ ಹೆಸರನ್ನಾಗಲಿ ಬರೆಯುವುದಿಲ್ಲ. ಬಿಟ್ಟುಹೋದ ಸಾಮಾನುಗಳ ಉಸ್ತುವಾರಿ ಅಧಿಕಾರಿಗಳು ಎಂದಷ್ಟೇ ಕರೆಯುತ್ತೇನೆ. ಮೊದಲಿಗೇ ತಿದ್ದುಪಡಿ: ನಾನು ಆ ಸಾಮಾನನ್ನು ಬಿಟ್ಟುಹೋಗಿಲ್ಲ. ನೀವು ಅದನ್ನು ಒಯ್ಯುವಾಗ ಅದರ ಒಂದು ಕಾಲು ನನ್ನ ಕೈಯಲ್ಲಿತ್ತು.

ನಾನು ಒಂದನೇ ತರಗತಿಯಿಂದಲೂ ಇಂಗ್ಲಿಷ್ ಮೀಡಿಯಂ. ಈ ದೂರನ್ನು ಇಂಗ್ಲಿಷಿನಲ್ಲೇ ಬರೆಯಲು ಕುಳಿತಿದ್ದೆ. ಆದರೆ ಇಂಗ್ಲಿಷಿನಲ್ಲಿ ದೂರು ಬರೆದರೆ ಮೂರನೇ ಸಾಲಿಗೆ ನಾನೇ ನಿಮ್ಮ ಕ್ಷಮೆ ಕೇಳಿರುತ್ತೇನೆ. ಶಾಲೆಯಲ್ಲಿ ನಮಗೆ ಹಾಗೇ ಕಲಿಸಿದ್ದಾರೆ. ಕೋಪ ಪೂರ್ತಿ ಬರಬೇಕೆಂದರೆ ಕನ್ನಡವೇ ಸರಿ.

ಈಗ ಕೂಸಿನ ವಿಷಯ. ನಮ್ಮ ಕಡೆಯ ಮದುವೆಗಳಲ್ಲಿ ತಾಳಿ ಕಟ್ಟಿದ ಮೇಲೆ ಚಪ್ಪರದ ಎರಡು ಕಂಬಗಳ ನಡುವೆ ಸೀರೆಯ ಜೋಲಿ ಕಟ್ಟಿ, ಅದರಲ್ಲಿ ಕೂಸೊಂದನ್ನು ಮಲಗಿಸಿ ತೂಗುವ ಶಾಸ್ತ್ರ ನೀವೂ ನೋಡಿರುತ್ತೀರಿ. ಬಹುಶಃ ಮಾಡಿಯೂ ಇರುತ್ತೀರಿ. ಹೆಣ್ಣು ಕೂಸನ್ನು ಗಂಡಿನ ಕೈಗಿಟ್ಟು "ನಂಗೆ ಅಡುಗೆ ಕೆಲಸ ಐತೆ, ಇಡ್ಕೊಳ್ಳಿ" ಅನ್ನಬೇಕು. ಗಂಡು "ನಂಗೆ ಒಲದ ಕೆಲಸ ಐತೆ, ನೀನೇ ಇಡ್ಕೋ" ಎಂದು ಹಿಂದಕ್ಕೆ ಕೊಡಬೇಕು. ನಾನು ಶಾಲೆಯಲ್ಲಿ ಪಾಠ ಮಾಡುವವಳಾದ್ದರಿಂದ "ನನಗೆ ಪೇಪರ್ ತಿದ್ದೋದಿದೆ" ಎಂದೆ. ನನ್ನವರು, ಅಂದರೆ ನಂದಕುಮಾರ್, ಬಂಗಾರಪೇಟೆಯಲ್ಲಿ ಮೊಬೈಲ್ ರಿಪೇರಿ ಅಂಗಡಿ ಇಟ್ಟಿದ್ದಾರೆ. "ನನಗೆ ಡಿಸ್‌ಪ್ಲೇ ಬದಲಾಯಿಸೋದಿದೆ" ಎಂದರು. ಇಡೀ ಚಪ್ಪರ ನಕ್ಕಿತು. ಎಷ್ಟು ಚೆನ್ನಾಗಿತ್ತು ಗೊತ್ತೇ!

ಹೆಚ್ಚಿನ ಮನೆಗಳಲ್ಲಿ ಆ ಕೂಸೆಂದರೆ ಬಟ್ಟೆ ಸುತ್ತಿದ ಗುಂಡುಕಲ್ಲು. ನಮ್ಮ ಮನೆಯಲ್ಲಿ ಮಾತ್ರ ಬ್ರಿಟಿಷ್ ದೊರೆಗಳ ಕಾಲದ ಗೊಂಬೆ. ಪಿಂಗಾಣಿಯ ಮುಖ, ಬಟ್ಟೆಯ ಮೈ, ಮರದ ಕೈಕಾಲು. ಮಲಗಿಸಿದರೆ ಕಣ್ಣು ಮುಚ್ಚುತ್ತದೆ, ಎತ್ತಿದರೆ ತೆರೆಯುತ್ತದೆ. ನನ್ನ ಮುತ್ತಜ್ಜಿ ಕದಿರಮ್ಮ ಚಾಂಪಿಯನ್ ರೀಫ್ಸ್ ಚಿನ್ನದ ಗಣಿಯ ಒಬ್ಬ ದೊರೆಯ ಬಂಗಲೆಯಲ್ಲಿ ಆಯಾ ಆಗಿದ್ದರು. ಅವರ ಸ್ವಂತ ಮಗು ಗಣಿ ಕಾರ್ಮಿಕರ ಲೈನ್ ಮನೆಯ ಜೋಲಿಯಲ್ಲಿ ಒಬ್ಬಂಟಿಯಾಗಿ ಅಳುತ್ತಿದ್ದರೆ, ಅವರು ಬಂಗಲೆಯ ಮಗುವನ್ನು ಎತ್ತಿಕೊಂಡು ತೋಟ ಸುತ್ತಬೇಕಿತ್ತು. ಆ ಮನೆಯವರು ದೇಶ ಬಿಟ್ಟು ಹೋಗುವಾಗ ಸಂಬಳದ ಜೊತೆ ಈ ಗೊಂಬೆ ಕೊಟ್ಟರು. ಮುಂದೆ ಮಗಳ ಮದುವೆಗೆ ಗುಂಡುಕಲ್ಲು ತಂದಾಗ ಕದಿರಮ್ಮ ಅದನ್ನು ಪಕ್ಕಕ್ಕೆ ಸರಿಸಿ, "ಅವ್ರ ಕೂಸ್ನ ನಾನು ಆಡ್ಸಿದ್ದಾಯ್ತು. ಈಗ ಅವ್ರ ಗೊಂಬೆ ನಮ್ಮ ಜೋಲಿನಾಗೆ ಮಲಗ್ಲಿ" ಅಂದರಂತೆ. ಜೋಲಿಯಲ್ಲಿ ಅತ್ತ ಆ ಮಗುವೇ ನನ್ನ ಅಜ್ಜಿ ಆದಿಲಕ್ಷ್ಮಮ್ಮ. ಈಗ ಎಂಬತ್ತನಾಲ್ಕು. ಅಜ್ಜಿಯಿಂದ ನನ್ನವರೆಗೆ ಹನ್ನೊಂದು ಹೆಣ್ಣುಮಕ್ಕಳು ಈ ಕೂಸನ್ನು ತೂಗಿದ್ದಾರೆ. ಮದುವೆಯಾದವಳು ಅದನ್ನು ಗಂಡನ ಮನೆಗೆ ಒಯ್ದು, ಮೊದಲ ಸಲ ತವರಿಗೆ ಬರುವಾಗ ತಾನೇ ಮಡಿಲಲ್ಲಿಟ್ಟುಕೊಂಡು ತರಬೇಕು. ಮುಂದಿನ ಮದುವಣಗಿತ್ತಿಗೆ ತಾನೇ ಕೊಡಬೇಕು. ಇದು ನಮ್ಮ ಮನೆಯ ಕಾನೂನು. ನಿಮ್ಮ ಕಾನೂನಿಗಿಂತ ಹಳೆಯದಲ್ಲದಿರಬಹುದು, ಆದರೆ ಇದುವರೆಗೆ ಯಾರೂ ಮುರಿದಿರಲಿಲ್ಲ.

ಇಷ್ಟರಲ್ಲಿ ಕೊಲೆಗಾರ ಗೊಂಬೆಯ ಆ ವೆಬ್ ಸರಣಿ ಬಂತು. ಹೆಸರು ಬರೆಯುವುದಿಲ್ಲ, ಬರೆದರೆ ಇನ್ನೂ ನಾಲ್ಕು ಜನ ನೋಡುತ್ತಾರೆ. ಕನ್ನಡ, ತಮಿಳು, ತೆಲುಗು ಮೂರರಲ್ಲೂ ಇರುವುದರಿಂದ ನಮ್ಮ ಕಡೆ ತಪ್ಪಿಸಿಕೊಂಡವರೇ ಇಲ್ಲ. ಅದರ ಗೊಂಬೆ ಯಾರನ್ನಾದರೂ ಕೊಲ್ಲುವ ಮೊದಲು ತಲೆಯನ್ನು ಎಡಕ್ಕೆ ವಾಲಿಸುತ್ತದೆ. ಅಷ್ಟೇ. ಮಾತಿಲ್ಲ, ಕತ್ತಿಯಿಲ್ಲ. ವಾಲಿಸಿತೆಂದರೆ ಆ ಮನುಷ್ಯನ ಕತೆ ಮುಗಿಯಿತು. ಸತ್ಯ ಹೇಳಬೇಕೆಂದರೆ ನನಗದು ಬಹಳ ಇಷ್ಟವಾಯಿತು! ಮೂರನೇ ಕಂತಿನಲ್ಲಿ ನಾನು ನನ್ನವರ ಕೈ ಹಿಡಿದುಕೊಂಡೆ, ನಾಲ್ಕನೆಯದರಲ್ಲಿ ಅವರು ನನ್ನ ಕೈ ಹಿಡಿದುಕೊಂಡರು. ಹೊಸದಾಗಿ ಮದುವೆಯಾದವರಿಗೆ ಇದಕ್ಕಿಂತ ಒಳ್ಳೆಯ ಸರಣಿ ಬೇರೆ ಇಲ್ಲ.

ಆದರೆ ಊರು ನಮ್ಮ ಹಾಗಿರಲಿಲ್ಲ. ಬಂಗಾರಪೇಟೆಯ ಬಟ್ಟೆ ಅಂಗಡಿಯೊಂದರಲ್ಲಿ ಸೀರೆ ಉಡಿಸಿದ ಗೊಂಬೆಗಳನ್ನೆಲ್ಲ ಗೋಡೆಯ ಕಡೆ ಮುಖ ಮಾಡಿ ನಿಲ್ಲಿಸಿದರು. ಗಿರಾಕಿಗಳು ಸೀರೆಯ ಬೆನ್ನನ್ನು ನೋಡಿಯೇ ಕೊಳ್ಳಬೇಕಾಯಿತು. ನಮ್ಮ ಮಾವ ಸೊಣ್ಣಪ್ಪನವರು ಕುರಿ ಸಾಕುವವರು. ಒಮ್ಮೆ ಮಂದೆಗೆ ಬಂದ ಚಿರತೆಯನ್ನು ತಗಡು ಬಡಿದು ಓಡಿಸಿದ ಧೈರ್ಯವಂತರು. ಅವರು ಮುಖದ ಮೇಲೆ ಟವೆಲ್ ಹಾಕಿಕೊಂಡು ಐದು ಕಂತು 'ನೋಡಿದರು'. "ಓಯ್ತೇನ್ಲಾ ಅದು?" ಎಂದು ಟವೆಲ್ಲಿನೊಳಗಿಂದ ಕೇಳುವುದು, ನನ್ನವರು "ಓಯ್ತಪ್ಪ" ಎಂದ ಮೇಲೆ ಒಂದು ಕಣ್ಣು ಹೊರಗೆ ಬರುವುದು. ದೇವರ ಗೂಡಿನ ಪಕ್ಕ ನಮ್ಮ ಕೂಸನ್ನು ಕೂರಿಸಿದ ಮರುದಿನ ಬೆಳಿಗ್ಗೆ ಕಾಫಿ ಲೋಟ ಹಿಡಿದು ಬಂದವರು ಅಲ್ಲೇ ನಿಂತರು.

"ಯಾಕಮ್ಮ ಇದು ನನ್ನೇ ನೋಡ್ತೈತೆ?"

"ಮಾವ, ಅದು ಎಲ್ಲರನ್ನೂ ನೋಡುತ್ತೆ."

"ಅದೇ ಕಣಮ್ಮ ನಾನೇಳಾದು."

ಆ ದಿನದಿಂದ ಅವರು ಕಾಫಿಯನ್ನು ಕುರಿಗಳ ಜೊತೆಯೇ ಕುಡಿದರು. ಹಾಗೆಂದು ಅವರದೇ ಪೂರ್ತಿ ತಪ್ಪು ಅನ್ನಲಾಗದು. ನಮ್ಮ ಕೂಸಿನ ಕತ್ತಿನ ಹೊಲಿಗೆ ಸಡಿಲವಾಗಿ, ಎತ್ತಿದಾಗೆಲ್ಲ ಅದರ ತಲೆ ವಾಲುತ್ತದೆ. ಎಡಕ್ಕೆ.

ಹನ್ನೆರಡು ದಿನದ ಹಿಂದೆ, ಶನಿವಾರ, ಬಂಗಾರಪೇಟೆಯಲ್ಲಿ ಬೆಳಗಿನ ರೈಲು ಹತ್ತಿ ತವರಿಗೆ ಹೊರಟೆವು. ನನ್ನವರ ಕೈಯಲ್ಲಿ ಸಿಹಿಯ ಡಬ್ಬ, ನನ್ನ ಮಡಿಲಲ್ಲಿ ರವಿಕೆ ಕಣ ಹೊದಿಸಿದ ಕೂಸು. ಎದುರು ಸೀಟಿನ ಹೆಂಗಸೊಬ್ಬರು ಮಗಳ ಜೊತೆ ಕಿವಿಗೊಂದೊಂದು ಇಯರ್‌ಫೋನ್ ಹಂಚಿಕೊಂಡು ಐದನೇ ಕಂತು ನೋಡುತ್ತಿದ್ದರು. ಗಾಳಿಗೆ ಬಟ್ಟೆ ಜಾರಿತು. ಅವರು ಫೋನಿನಿಂದ ತಲೆ ಎತ್ತಿ ಕೂಸನ್ನು ನೋಡಿದರು. ಫೋನು ನೋಡಿದರು. ಮತ್ತೆ ಕೂಸನ್ನು ನೋಡಿದರು. ಕಿರುಚಲಿಲ್ಲ, ಪಾಪ. ಬಹಳ ಮೆಲ್ಲಗೆ, "ಯಾರದಮ್ಮ ಇದು?" ಅಂದರು.

ಇಲ್ಲಿ ನನ್ನ ತಪ್ಪಿದೆ, ಒಪ್ಪಿಕೊಳ್ಳುತ್ತೇನೆ. ಯಾರಾದರೂ ಮದುವೆಯ ವಿಷಯ ಕೇಳಿದರೆ ನನಗೆ ಹಿಡಿತ ಇರುವುದಿಲ್ಲ. "ನಂದೇ ಆಂಟಿ! ನಮ್ಮ ಮದುವೇದು! ನೋಡಿ ಎಷ್ಟು ಮುದ್ದಾಗಿದೆ!" ಎಂದು ಕೂಸನ್ನು ಅವರ ಮುಖದ ಹತ್ತಿರ ಎತ್ತಿ ಹಿಡಿದೆ. ಕೂಸು ಕಣ್ಣು ತೆರೆಯಿತು. ತಲೆ ವಾಲಿಸಿತು.

ಆಮೇಲಿನದು ನಿಮಗೆ ಗೊತ್ತು, ಏಕೆಂದರೆ ರೈಲು ಅಷ್ಟರಲ್ಲಿ ನಿಮ್ಮ ನಿಲ್ದಾಣಕ್ಕೆ ಬಂದು ನಿಂತಿತ್ತು. ಇಡೀ ಬೋಗಿ ಎರಡೂ ಬಾಗಿಲಿಂದ ಇಳಿಯಿತು. ಮಾರಿಕುಪ್ಪಂಗೆ ಹೋಗಬೇಕಾದವರು ನಡೆದೇ ಹೋದರು. ನಮ್ಮ ಅಜ್ಜಿಯ ಪಕ್ಕದ ಮನೆಯ ಕುಪ್ಪುಸ್ವಾಮಿ ತಾತನೂ ಇಳಿದರು. ಇಪ್ಪತ್ತೆಂಟು ವರ್ಷ ಭೂಮಿಯೊಳಗೆ ಕೆಲಸ ಮಾಡಿದವರು. "ತಾತ, ನೀವೂನಾ?" ಎಂದು ಕಿಟಕಿಯಿಂದ ಕೇಳಿದೆ. "ಎಟ್ಟಾಯಿರಂ ಅಡಿ ಕೆಳಗೆ ಬಂಡೆ ಸಿಡಿದಾಗ್ಲೂ ನಾನು ಓಡ್ಲಿಲ್ಲ ಕಣಮ್ಮ. ಆದ್ರೆ ಅಂದ ಬೊಮ್ಮೈ ಮಟ್ಟುಂ ವೇಂಡಾಮ್ಮಾ" ಅಂದರು. ಎಂಟು ಸಾವಿರ ಅಡಿ ಆಳಕ್ಕೂ ಹೆದರದವರು, ಆ ಗೊಂಬೆ ಮಾತ್ರ ಬೇಡ ಅನ್ನುತ್ತಿದ್ದರು! ಅವರೇ ನನ್ನ ಮದುವೆಯಲ್ಲಿ ಇದೇ ಕೂಸಿಗೆ ದೃಷ್ಟಿ ತೆಗೆದವರು. ಇನ್ನು ನನ್ನವರು ಪ್ಲಾಟ್‌ಫಾರಂ ಮೇಲೆ ನಿಂತು, "ಸುಮಿ, ನೀನು ಇಳಿ. ಅದನ್ನ ಅಲ್ಲೇ ಬಿಟ್ಟು ಇಳಿ" ಎಂದು ಕೂಗುತ್ತಿದ್ದರು. ಸಿಹಿಯ ಡಬ್ಬವನ್ನು ಮಾತ್ರ ಕ್ಷೇಮವಾಗಿ ಇಳಿಸಿಕೊಂಡಿದ್ದರು. ಮದುವೆಯಾಗಿ ಒಂಬತ್ತೇ ದಿನವಾಗಿತ್ತು, ಕ್ಷಮಿಸಿದೆ.

ಆಗ ನೀವು ಬಂದಿರಿ. ಹಸಿರು ಬಾವುಟದ ಕೋಲಿನ ತುದಿಯನ್ನು ಕೂಸಿನ ಅಂಗಿಯೊಳಗೆ ತೂರಿಸಿ, ಕೈ ಉದ್ದಕ್ಕೆ ಚಾಚಿ, ಮುಖ ಬೇರೆ ಕಡೆ ತಿರುಗಿಸಿ, ಪ್ರಯಾಣಿಕರ ಸುರಕ್ಷತೆಗಾಗಿ ವಶಪಡಿಸಿಕೊಂಡಿರಿ. ರಸೀದಿಯನ್ನೂ ಬರೆದುಕೊಟ್ಟಿರಿ. ಅದು ನನ್ನ ಬಳಿ ಇದೆ. "ಗೊಂಬೆ: ಒಂದು. ಬಣ್ಣ: ಬಿಳಿ. ಸ್ಥಿತಿ: ನೋಡುತ್ತಿದೆ." ಸ್ವಾಮಿ, ಸರ್ಕಾರಿ ಕಾಗದದಲ್ಲಿ ಇಷ್ಟು ಪ್ರಾಮಾಣಿಕವಾದ ವಾಕ್ಯವನ್ನು ನಾನು ಓದಿಯೇ ಇಲ್ಲ.

ನಂತರ ಮೂರು ಸಲ ಬಂದೆ. ಮೊದಲ ಸಲ ಮಾಲೀಕತ್ವಕ್ಕೆ ದಾಖಲೆ ಕೇಳಿದಿರಿ. ಎರಡನೇ ಸಲ ಮದುವೆಯ ಫೋಟೊ ತಂದೆ. ನೀವು ಕನ್ನಡಕ ಹಾಕಿಕೊಂಡು ನೋಡಿ, "ಫೋಟೊದಲ್ಲಿರೋ ಗೊಂಬೆ ಕಣ್ಣು ಮುಚ್ಚಿದೆ ಮೇಡಂ. ನಮ್ಮಲ್ಲಿರೋದು ತೆರೆದಿದೆ. ಬೇರೆ ಗೊಂಬೆ ಇರಬಹುದು" ಅಂದಿರಿ. ಮಲಗಿಸಿದರೆ ಮುಚ್ಚುತ್ತದೆ ಎಂದೆ. "ಯಾರು ಮಲಗಿಸೋದು?" ಅಂದಿರಿ. ನಾನೇ ಮಲಗಿಸುತ್ತೇನೆ ಎಂದೆ. ಅದು ನಿಯಮದಲ್ಲಿ ಇಲ್ಲ ಅಂದಿರಿ. ಗೊಂಬೆಯನ್ನು ಮಲಗಿಸುವ ಅಧಿಕಾರ ಯಾವ ದರ್ಜೆಯ ನೌಕರರಿಗಿದೆ ಎಂದು ದಯವಿಟ್ಟು ತಿಳಿಸಿ. ಅಂಥವರು ಕೋಲಾರ ಜಿಲ್ಲೆಯಲ್ಲಿ ಇಲ್ಲದಿದ್ದರೆ ಹೊರಗಿನಿಂದ ಕರೆಸೋಣ.

ಮೂರನೇ ಸಲ, ನಿನ್ನೆ, ನೀವು ಸುತ್ತ ಯಾರೂ ಇಲ್ಲವೆಂದು ನೋಡಿಕೊಂಡು ನಿಜ ಹೇಳಿದಿರಿ. "ಮೇಡಂ, ಮುಂದಿನ ಶುಕ್ರವಾರ ಎಂಟನೇ ಕಂತು ಬರುತ್ತೆ. ಕೊನೇದು. ಆ ಗೊಂಬೆ ಏನಾಗುತ್ತೆ ಅಂತ ನೋಡ್ಬಿಟ್ಟು ಬೀಗ ತೆಗೀತೀನಿ. ಅಲ್ಲೀವರ್ಗೂ ಕೇಳ್ಬೇಡಿ, ನನಗೂ ಹೆಂಡ್ತಿ ಮಕ್ಕಳಿದಾರೆ." ನನಗೆ ನಗು ಬಂತು, ಅಳುವೂ ಬಂತು. ಸಹನಳ ಮದುವೆ ಈ ಭಾನುವಾರ. ನಿಮ್ಮ ಕೊನೆಯ ಕಂತು ಅದಾದ ಐದು ದಿನಕ್ಕೆ. ನಮ್ಮ ಮನೆಯ ಶಾಸ್ತ್ರ ನಡೆಯಬೇಕೋ ಬೇಡವೋ ಎಂಬುದನ್ನು ಯಾವುದೋ ಊರಿನ ಕತೆಗಾರ ತೀರ್ಮಾನಿಸಬೇಕೇ? ರೈಲಿನಲ್ಲಿ ಕೊಲೆಯಾಗುವ ಸಿನಿಮಾಗಳು ಎಷ್ಟು ಬಂದಿವೆ, ಒಂದು ದಿನವಾದರೂ ನೀವು ರೈಲು ನಿಲ್ಲಿಸಿದಿರಾ? ನಾಳೆ ಕೊಲೆಗಾರ ಕುಕ್ಕರಿನ ಸರಣಿ ಬಂದರೆ ನಮ್ಮ ತಾಲ್ಲೂಕಿನ ಅಷ್ಟೂ ಕುಕ್ಕರುಗಳಿಗೆ ನಿಮ್ಮ ಅಲಮಾರಿಯಲ್ಲಿ ಜಾಗವಿದೆಯೇ?

ಅಪರಾಧದ ದಾಖಲೆ ಬೇಕೆಂದರೆ ಅದನ್ನೂ ಕೊಡುತ್ತೇನೆ. ಈ ಕೂಸಿನ ಬಲಗೈಯ ಎರಡು ಬೆರಳುಗಳನ್ನು ಹಲ್ಲು ಬರುವಾಗ ಕಚ್ಚಿ ತಿಂದವರು ನನ್ನ ಅಜ್ಜಿ. ಮೂಗಿನ ತುದಿ ಮುರಿದದ್ದು ನನ್ನ ಅಪ್ಪ. ತಮ್ಮ ಮದುವೆಯಲ್ಲಿ ಕೈ ಜಾರಿ ಕೆಡವಿದರು. ಕೂದಲು ಸುಟ್ಟದ್ದು ಆರತಿಯ ಹೊತ್ತಿನಲ್ಲಿ ಸಹನಳ ತಾಯಿ. ಇಷ್ಟಾದರೂ ಅದು ಯಾರ ಮೇಲೂ ಕೈ ಎತ್ತಿಲ್ಲ. ನಮ್ಮ ಕುಟುಂಬದಲ್ಲಿ ಇಷ್ಟು ತಾಳ್ಮೆಯವರು ಬೇರೆ ಯಾರೂ ಇಲ್ಲ.

ಸಹನ ಎಂಟು ವರ್ಷದವಳಿದ್ದಾಗಿಂದ ತನ್ನ ಸರದಿಗೆ ಕಾಯುತ್ತಿದ್ದಾಳೆ. ನಾನು ಬರಿಗೈಯಲ್ಲಿ ತವರಿನ ಹೊಸ್ತಿಲು ದಾಟಿದ ದಿನ ಅವಳು "ಕಲ್ಲೇ ಸಾಕು ಅಕ್ಕ" ಎಂದು ಒಳಗೆ ಹೋದಳು. ಅಜ್ಜಿ ಮಾತ್ರ ಅಷ್ಟಕ್ಕೆ ಬಿಡಲಿಲ್ಲ. ಅಜ್ಜಿಯ ಕಣ್ಣು ಈಗ ಅಷ್ಟು ಕಾಣುವುದಿಲ್ಲ. ನನ್ನ ಮಡಿಲನ್ನು ಕೈಯಿಂದ ತಡವಿ ನೋಡಿ, "ಎಲ್ಲೇ ಕೂಸು?" ಅಂದರು. ಹೇಳಿದೆ. ಅಜ್ಜಿ "ಗುಂಡುಕಲ್ಲಿಗೆ ನಾನು ಲಾಲಿ ಏಳಾಕಿಲ್ಲ ಕಣಮ್ಮಿ. ನಮ್ಮವ್ವ ಬ್ಯಾಡ ಅಂದವಳೆ" ಎಂದರು. ಅಜ್ಜಿ ಹಾಡದಿದ್ದರೆ ನಮ್ಮಲ್ಲಿ ಆ ಲಾಲಿ ಗೊತ್ತಿರುವವರು ಬೇರೆ ಯಾರೂ ಇಲ್ಲ, ಮಾನ್ಯರೇ. ನನಗೂ ಅರ್ಧವೇ ಬರುತ್ತದೆ. ಇನ್ನೊಂದು ಮದುವೆಯ ಹೊತ್ತಿಗೆ ಅಜ್ಜಿ ಇರುತ್ತಾರೋ ಇಲ್ಲವೋ, ಆ ಮಾತನ್ನು ಈ ಸಂತೋಷದ ತಿಂಗಳಿನಲ್ಲಿ ನಾನು ಬರೆಯಲಾರೆ.

ಆದ್ದರಿಂದ ನನ್ನ ಬೇಡಿಕೆ ಬಹಳ ಚಿಕ್ಕದು. ನೀವು ಕೂಸನ್ನು ಮುಟ್ಟಬೇಡಿ. ಮಲಗಿಸಬೇಡಿ. ಅದರ ಕಡೆ ನೋಡಲೂ ಬೇಡಿ. ಬೀಗಕ್ಕೆ ಕೀಲಿ ಹಾಕಿ ತಿರುಗಿಸಿ, ನಂತರ ಪ್ಲಾಟ್‌ಫಾರಮ್ಮಿನ ಆ ತುದಿಗೆ ಹೋಗಿ ನಿಂತುಕೊಳ್ಳಿ. ಬೇಕಾದರೆ ನನ್ನವರು ನಿಮಗೆ ಜೊತೆ ಇರುತ್ತಾರೆ, ಅವರಿಗೂ ಆ ತುದಿಯೇ ಅನುಕೂಲ. ಕ್ರೇಟಿನೊಳಗೆ ಕೈ ಹಾಕುವವರು ಆದಿಲಕ್ಷ್ಮಮ್ಮ. ಬಂಧುಗಳ ಆಟೋದಲ್ಲಿ ಅವರು ನನಗಿಂತ ಮೊದಲೇ ಬಂದು ನಿಮ್ಮ ಕಚೇರಿಯ ಎದುರಿನ ಬೆಂಚಿನ ಮೇಲೆ ಕೂತಿರುತ್ತಾರೆ. ನಾನು ಬರುವ ತನಕ ಅವರ ಜೊತೆ ವಾದಕ್ಕಿಳಿಯಬೇಡಿ. ನಿಯಮದ ಪುಸ್ತಕ ಅವರಿಗೆ ಕಾಣಿಸುವುದಿಲ್ಲ. ನಾನು ಬರುವುದು ನಾಡಿದ್ದು ಶನಿವಾರ, ಬಂಗಾರಪೇಟೆಯಿಂದ ಮಾರಿಕುಪ್ಪಂಗೆ ಹೊರಡುವ ಬೆಳಗಿನ ಮೊದಲ ಪ್ಯಾಸೆಂಜರ್‌ನಲ್ಲಿ.

ಇಂತಿ,
ಮದುವೆಯಾಗಿ ಇಪ್ಪತ್ತೊಂದೇ ದಿನಕ್ಕೆ ಕೂಸನ್ನು ಬಿಡಿಸಿಕೊಳ್ಳಲು ಅರ್ಜಿ ಬರೆಯಬೇಕಾಗಿ ಬಂದ
ಸುಮಿತಾ ನಂದಕುಮಾರ್
(ಹೊಸ ಸಹಿ, ಇನ್ನೂ ಅಭ್ಯಾಸವಾಗಿಲ್ಲ)