ದುರುಗೇಶಪ್ಪನವರ ಬಾವಿನೀರು

ಜಗಳೂರಿನಿಂದ ಅಕ್ಕನಿಗೆ,

ನಾವು ನೀರು ಪರೀಕ್ಷಿಸಲು ಬಂದಿರುವ ಹಳ್ಳಿಯಲ್ಲಿ ದುರುಗೇಶಪ್ಪನವರ ಎರಡು ತಿಂಗಳ ಕೂಸು ಮೈ ನೀಲಿಗಟ್ಟಿ ತೀರಿಕೊಂಡಿದೆ. ಪುಡಿ ಹಾಲಿಗೆ ಬೆರೆಸಿದ ಬಾವಿನೀರಿನಲ್ಲಿ ನೈಟ್ರೇಟ್ ವಿಪರೀತವಾಗಿತ್ತು. ಪಕ್ಕದ ಮನೆಯ ಉಡಚಮ್ಮನ ಪಾಯಿಖಾನೆ ಗುಂಡಿಯೇ ಕಾರಣವೆಂದು ಅವರು ಆಕೆಯನ್ನು ಬಾವಿಯ ಹತ್ತಿರ ಬರಗೊಡುತ್ತಿರಲಿಲ್ಲ. ಆ ನೈಟ್ರೇಟ್ ಎಲ್ಲಿಯದೆಂದು ಹೇಳುವ ಐಸೊಟೋಪ್ ವರದಿ ಇವತ್ತು ಬಂತು. ಅದು ಗುಂಡಿಯದಲ್ಲ, ಬಾವಿಯ ಸುತ್ತ ದುರುಗೇಶಪ್ಪನವರೇ ತಮ್ಮ ಮೆಕ್ಕೆಜೋಳಕ್ಕೆ ಹಾಕಿದ ಯೂರಿಯಾದ್ದು.

“ಚೆಲ್ಲಿದ್ದು ನಾನೇ ಅಲ್ಲೇನ್ರೀ ಮೇಡಂ. ಕೂಸಿನ ತಾಯಿಗೆ ಹೆಂಗೆ ಹೇಳಾಕೆ ಆಗ್ತೈತೆ?” ಎಂದರು. ಅವರು ಮನೆಗೆ ಹೋಗದೆ ಉಡಚಮ್ಮನ ಅಂಗಳದಲ್ಲಿ ಕುಳಿತುಬಿಟ್ಟರು.

ನಿನ್ನ ಫೋನ್ ಹತ್ತುತ್ತಿಲ್ಲ. ಕಾರ್ಡನ್ನು ಚನ್ನಗಿರಿ ಬಸ್ಸಿನವರ ಕೈಗೆ ಕೊಡುತ್ತಿದ್ದೇನೆ. ನಾವೂ ಯೂರಿಯಾ ಹಾಕಿದವರೇ. ಪಾಪುವಿಗೆ ನಮ್ಮ ಬಾವಿನೀರು ಕೊಡಬೇಡ, ಕಾಯಿಸಿದರೂ ಪ್ರಯೋಜನವಿಲ್ಲ.

ಅವಸರದಲ್ಲಿ,
ಅಂಬಿಕಾ